ತಮ್ಮನ ಪಿಕಪ್ 11,000 ಪೌಂಡ್ ಜಗ್ತೈತಂತ, ಮನಿ ಮಂದಿ ಎಲ್ಲಾ ಹತ್ತಿದ ಮ್ಯಾಲೂ ಜಗ್ತೈತೇನ್ರಿ?

ಎಡದಂಡೆ ಹುಡುಗ, ಗಂಗಾವತಿ

ಎಲ್ಲಾರಿಗೂ ನಮಸ್ಕಾರ್ರಿ. ನಂದು ಗಂಗಾವತ್ಯಾಗ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಐತಿ, ಹಿಂಗಾಗಿ ಗಾಡಿ ವಿಷಯ ಅಷ್ಟಿಷ್ಟು ತಿಳಿತೈತಿ, ಆದ್ರ ಇದು ಅಮೆರಿಕದ ಲೆಕ್ಕ, ತಲಿ ಕೆಟ್ಟೈತಿ. ನಮ್ಮ ತಮ್ಮ ಡಲ್ಲಾಸ್ ಕಡೆ ಇರ್ತಾನ, ಹೋದ ವರ್ಷ ಫೋರ್ಡ್ ಎಫ್-150 ತಗೊಂಡಾನ, ನಾಕ್ ಡೋರಿಂದು, 3.5 ಲೀಟರ್ ಟರ್ಬೊ ಪೆಟ್ರೋಲ್. ಜೂನ್ ತಿಂಗಳಾಗ ಅಪ್ಪ ಅವ್ವ ನಾನು ಮೂರೂ ಮಂದಿ ಹೋಗಾಕತ್ತೀವಿ, ಅವ ಏನಂತಾನ ಅಂದ್ರ ಹೋಟೆಲ್ ಗೀಟೆಲ್ ಬ್ಯಾಡ, ಅವ್ವಗ ಹೊರಗಿನ ಊಟ ಆಗಂಗಿಲ್ಲ, ಗಾಡಿ ಹಿಂದ ಜಗ್ಗೋ ಮನಿ ಬರ್ತೈತಲ್ಲ ಟ್ರಾವೆಲ್ ಟ್ರೇಲರ್, ಒಲಿ ಫ್ರಿಜ್ಜು ಹಾಸ್ಗಿ ಎಲ್ಲಾ ಇರೋದು, ಅದನ್ನ ತಗೊಂಡು ಕೊಲೊರಾಡೊ ಬೆಟ್ಟ ತೋರಿಸ್ಕೊಂಡು ಬರ್ತೀನಿ ಅಂತ.

ನೋಡಿದ ಟ್ರೇಲರ್ ಖಾಲಿ ತೂಕ 6,100 ಪೌಂಡ್. ಡೀಲರ್ ಹೇಳ್ಯಾನಂತ, ನಿಮ್ ಗಾಡಿ 11,000 ಜಗ್ಗೋದು, ಇದು ನಿಮಗ ಹೂವು ಎತ್ತಿದಂಗ ಅಂತ. ತಮ್ಮ ಅಡ್ವಾನ್ಸ್ ಕೊಡಾಕ ತಯಾರಾಗ್ಯಾನ. ನನಗ್ಯಾಕೋ ಮನಸ್ಸು ಒಪ್ಪವಲ್ದು. ಅಂಗಡಿಗೆ ಬರೋ ಮಂದಿನೂ ಹಿಂಗ ಎಚ್‌ಪಿ ಒಂದೇ ನೋಡಿ ಟ್ರಾಲಿ ಹಾಕಿ ಆಮ್ಯಾಲೆ ಆಕ್ಸಲ್ ಮುರ್ಕೊಂಡು ಬರ್ತಾರ. ತಿಳಿದವರು ಇದ್ರ ಹೇಳ್ರಿ.

ಕೋಟೆ ಕೆಳಗಿನವ, ಬಳ್ಳಾರಿ

ಮೊದ್ಲು ಕೆಜಿ ಲೆಕ್ಕದಾಗೆ ಹೇಳಪ್ಪ ಪುಣ್ಯಾತ್ಮ. ಪೌಂಡು ಅಂದ್ರೆ ನಮಗೆ ಬ್ರೆಡ್ಡೇ ನೆನಪಾಗೋದು.

ಎಡದಂಡೆ ಹುಡುಗ, ಗಂಗಾವತಿ

ಹಹ ಹೌದು ಅಣ್ಣ. 6,100 ಅಂದ್ರ 2,767 ಕೆಜಿ. 11,000 ಅಂದ್ರ 4,990 ಕೆಜಿ, 5 ಟನ್ ಅಂತ ಹಿಡಕೋರಿ. ನಮ್ಮ ಕಡೆ ನೆಲ್ಲಿನ ಚೀಲ 75 ಕೆಜಿ ಲೆಕ್ಕದಾಗ 37 ಚೀಲದ ಭಾರ ಆ ಖಾಲಿ ಮನಿ.

ಹತ್ತು ಚಕ್ರ, ಸಂಡೂರು

ತಮ್ಮಾ ನಾನು ಲಾರಿಯವ, ಅಮೆರಿಕ ನೋಡಿಲ್ಲ, ಆದ್ರೆ ಒಂದು ಮಾತು. ಇಂಜಿನ್ ಎಷ್ಟು ಎಳಿತೈತೆ ಅನ್ನೋದು ಯಾವತ್ತೂ ಲೆಕ್ಕ ಅಲ್ಲ. ನಮ್ಮ ಹತ್ತು ಚಕ್ರದ ಗಾಡಿಗೆ ಮೊದ್ಲು ಒಟ್ಟು 25 ಟನ್ ಇತ್ತು, 2018ರಾಗೆ ಸರ್ಕಾರ 28.5 ಟನ್ ಮಾಡ್ತು. ಅದಿರು ಜೋರಾಗಿ ನಡೆದಾಗ ಅದೇ ಗಾಡಿಗೆ ಎಷ್ಟೆಷ್ಟು ಹಾಕ್ಕೊಂಡು ಓಡಿಸಿದ್ರು ಅಂತ ತೋರಣಗಲ್ಲು ರೋಡಿನ ಗುಂಡಿಗಳನ್ನೇ ಕೇಳು. ಇಂಜಿನ್ ಎಳೀತು, ಯಾವತ್ತೂ ಇಲ್ಲ ಅನ್ನಲಿಲ್ಲ. ಹೋಗಿದ್ದು ಏನು, ಪಾಟಾ ಹೋಯ್ತು, ಹಬ್ ಹೋಯ್ತು, ಟೈರ್ ಹೋಯ್ತು, ಘಾಟ್ ಇಳಿಯೋವಾಗ ಬ್ರೇಕ್ ಹೋಯ್ತು. ನಮ್ಮ ಆರ್‌ಸಿಯಾಗೆ ಖಾಲಿ ತೂಕ, ತುಂಬಿದ ತೂಕ ಅಂತ ಎರಡು ಬರೆದಿರ್ತಾರಲ್ಲ, ಆ ಗಾಡಿಗೂ ಎಲ್ಲಾದ್ರೂ ಬರೆದೇ ಇರ್ತಾರೆ. ಅದನ್ನ ಮೊದ್ಲು ಕೇಳು. ಡೀಲರ್ ಮಾತು ಆಮೇಲೆ.

ಕುಷ್ಟಗಿ ಟು ಹ್ಯೂಸ್ಟನ್

ಸಂಡೂರು ಅಣ್ಣಾರು ಸರಿಯಾದ ಜಾಗಕ್ಕೇ ಕೈ ಹಾಕ್ಯಾರ. ನಾನು ಇಲ್ಲೇ ಹ್ಯೂಸ್ಟನ್‌ದಾಗ ಇರೋದು, ನಾಕು ವರ್ಷದಿಂದ ಟ್ರೇಲರ್ ಜಗ್ಗಾಕತ್ತೀನಿ, ಮೊದಲನೇದು ತಪ್ಪು ತಗೊಂಡು ಮಾರಿದೆ, ಅದಕ್ಕ ಸ್ವಲ್ಪ ಉದ್ದ ಬರೀತೀನಿ ಬೇಜಾರ ಆಗಬ್ಯಾಡ್ರಿ.

ನಿಮ್ಮ ತಮ್ಮಗ ಹೇಳ್ರಿ, ಡ್ರೈವರ್ ಬಾಗ್ಲಾ ತಗದ್ರ ಕಂಬದ ಮ್ಯಾಲೆ ಟೈರ್ ಗಾಳಿ ಬರೆದಿರೋ ಹಳದಿ ಪಟ್ಟಿ ಸ್ಟಿಕ್ಕರ್ ಇರ್ತೈತಿ, ಅದ್ರಾಗ ಮಂದಿ ಮತ್ತ ಸಾಮಾನು ಕೂಡಿ ಇಷ್ಟು ಪೌಂಡ್ ದಾಟಬಾರ್ದು ಅಂತ ಒಂದು ನಂಬರ್ ಐತಿ. ಅದು ಆ ಒಂದು ಗಾಡಿಗೇ ಲೆಕ್ಕ ಮಾಡಿ ಅಂಟಿಸಿದ್ದು, ಬ್ರೋಷರ್ ನಂಬರ್ ಅಲ್ಲ. ಸನ್‌ರೂಫ್, ದೊಡ್ಡ ಚಕ್ರ, ಲೆದರ್ ಸೀಟು ಅಂತ ಏನೇನು ಜಾಸ್ತಿ ಹಾಕ್ಸಿರ್ತಾರೋ ಅಷ್ಟು ಆ ನಂಬರ್ ಇಳೀತೈತಿ. ಒಂದೇ ಮಾಡೆಲ್ ಎರಡು ಗಾಡಿಗೆ 300–400 ಪೌಂಡ್ ಫರಕ್ ಇರೋದು ನಾನೇ ನೋಡೀನಿ.

ಆ 11,000 ಸುಳ್ಳಲ್ಲ. ಎಸ್‌ಎಇ ಜೆ2807 ಅಂತ ಜಗ್ಗೋ ತಾಕತ್ತು ಅಳೆಯೋ ಒಂದು ಪದ್ಧತಿ ಐತಿ, ಅರಿಜೋನಾದ ಡೇವಿಸ್ ಡ್ಯಾಮ್ ಹತ್ರದ ಏರು, 11 ಮೈಲಿ ಮ್ಯಾಲೆ, ಬಿಸಿಲಾಗ ಎಸಿ ಫುಲ್ ಇಟ್ಟು ಹತ್ತಿಸ್ತಾರ, ಇಷ್ಟು ಸ್ಪೀಡಿಗಿಂತ ಕೆಳಗ ಇಳೀಬಾರ್ದು, ಗಾಡಿ ಬಿಸಿ ಆಗಬಾರ್ದು ಅಂತ. ಪರೀಕ್ಷೆ ಗಟ್ಟಿನೇ ಐತಿ. ಆದ್ರ ಆ ಲೆಕ್ಕದಾಗ ಗಾಡಿ ಒಳಗ ಇಬ್ರೇ ಮಂದಿ, ಒಬ್ಬೊಬ್ರು 150 ಪೌಂಡ್, ಅಂದ್ರ 68 ಕೆಜಿ. ನಿಮ್ಮ ಮನಿಯಾಗ 68 ಕೆಜಿಯವರು ಎಷ್ಟು ಮಂದಿ ಅದಾರ ನೀವೇ ಹೇಳ್ರಿ. ಮತ್ತ ಟ್ರೇಲರ್ ತನ್ನ ತೂಕದಾಗ ನೂರಕ್ಕ 10ರಷ್ಟೇ ಪಿಕಪ್ ಮ್ಯಾಲೆ ಹಾಕ್ತೈತಿ ಅಂತ ಹಿಡಿದಿರ್ತಾರ. ನಿಜವಾಗ್ಲೂ ಇಂಥಾ ಮನಿ ಟ್ರೇಲರ್ 12–13 ಹಾಕ್ತಾವು, 15ರ ತನಕ ಹೋಗ್ತಾವು. ಆ ಭಾರ ಪೂರಾ ಹಳದಿ ಸ್ಟಿಕ್ಕರ್ ಲೆಕ್ಕದಾಗೇ ಬರೋದು. ಡೀಲರ್ ಹೇಳಂಗಿಲ್ಲ ಇದನ್ನ.

ನೊಗದ ಕಾಕಾ, ರಾಯಚೂರು

ಈ ಹುಡುಗ ಹೇಳಿದ್ದು ನಮಗ ಬಂಡಿ ಕಾಲದಿಂದ ಗೊತ್ತದ. ಬಂಡಿಗಿ ಹತ್ತಿ ಚೀಲ ಹೇರುವಾಗ ನಮ್ಮಪ್ಪ ಅಚ್ಚಿನ ಮುಂದ ಎಷ್ಟು ಹಿಂದ ಎಷ್ಟು ಅಂತ ಕಣ್ಣಳತಿಲೇ ಹೇರ್ತಿದ್ದ. ಹಿಂಭಾರ ಆದ್ರ ಮೂಕಿ, ಅಂದ್ರ ನೊಗ ಕಟ್ಟೋ ಮುಂದಿನ ಉದ್ದ ಕಟ್ಟಿಗಿ, ಮ್ಯಾಲೇಳ್ತದ, ಜತಗಿ ಎತ್ತಿನ ಕುತ್ಗಿಗಿ ಬಿಗೀತದ, ಬಂಡಿ ಅತ್ತಾಗ ಇತ್ತಾಗ ಒಲ್ಯಾಡ್ತದ. ಮುಂಭಾರ ಆದ್ರ ನೊಗ ಹೆಗಲ ಮ್ಯಾಲೆ ಕುಂತು ಎತ್ತು ಮೊಳಕಾಲು ಊರ್ತದ. ಹೇರಿದ ಮ್ಯಾಲೆ ಅವ ಮೂಕಿ ತುದಿ ಕೈಯಿಂದ ಎತ್ತಿ ನೋಡೋನು, ಒಬ್ಬ ಮನಶ್ಯಾ ಎತ್ತಲಿಕ್ಕ ಸ್ವಲ್ಪ ತ್ರಾಸ ಆಗಬೇಕು, ಆಗೋದಿಲ್ಲ ಅಂತನೂ ಅನ್ನಬಾರ್ದು, ಅಷ್ಟು ಇದ್ರ ಹೂಡು ಅಂತಿದ್ದ. ನಿಮ್ಮ ಅಮೆರಿಕದ ಗಾಡಿಗೂ ಮೂಕಿ ಭಾರನೇ ಮುಖ್ಯ ಅಂತಾತು.

ಕುಷ್ಟಗಿ ಟು ಹ್ಯೂಸ್ಟನ್

ಕಾಕಾ ನಿಮಗ ಸಾಷ್ಟಾಂಗ. ಟ್ರೇಲರ್ ಪಿಕಪ್ ಮ್ಯಾಲೆ ಹಾಕೋ ಭಾರಕ್ಕ ಇಲ್ಲಿ ಟಂಗ್ ವೆಯ್ಟ್ ಅಂತಾರ, ಇನ್ ಮ್ಯಾಲೆ ನಾನು ಮೂಕಿ ಭಾರ ಅಂತನೇ ಅನ್ನೋದು.

ಕಾಕಾ ಹೇಳಿದ ಒಲ್ಯಾಟ ಇಲ್ಲಿ ಮಂದಿನ್ನ ಕೊಲ್ತೈತಿ. ಮೂಕಿ ಭಾರ ಕಡಿಮಿ ಆದ್ರ ಹೈವೇದಾಗ ದೊಡ್ಡ ಟ್ರಕ್ ಬಾಜೂ ಹಾದು ಹೋದಾಗ ಟ್ರೇಲರ್ ಹಾವಿನಂಗ ಬಾಲ ಬೀಸಾಕ ಶುರು ಮಾಡ್ತೈತಿ, ಆಗ ಗಾಬರಿ ಆಗಿ ಬ್ರೇಕ್ ಒತ್ತಿದ್ರ ಮುಗೀತು. ಆಕ್ಸಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗ ಹಿಡಿದು, ಟ್ರೇಲರ್ ಬ್ರೇಕ್ ಮಾತ್ರ ಕೈಯಿಂದ ಹಾಕಬೇಕು, ಅದಕ್ಕ ಬೇರೆ ಕಂಟ್ರೋಲರ್ ಇರ್ತೈತಿ. ಟೆಕ್ಸಸ್‌ದಾಗ ಒಟ್ಟು 4,500 ಪೌಂಡ್ ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಇರಲೇಬೇಕು ಅಂತ ಕಾನೂನೇ ಐತಿ.

ಏನಾಗಲ್ಲ ಬಿಡಿ, ಹೊಸಪೇಟೆ

ಸುಮ್ನೆ ಹೆದರಿಸ್ತೀರ ಎಲ್ರು. ನಮ್ಮೂರಲ್ಲಿ ಒಂದೂವರೆ ಟನ್ ಪಿಕಪ್ಪಿಗೆ ಮೂರು ಟನ್ ಬಾಳೆಕಾಯಿ ಹಾಕ್ಕೊಂಡು ಕಂಪ್ಲಿಯಿಂದ ದಿನಾ ಬರ್ತಾರೆ ಏನಾಗಿದೆ ಹೇಳಿ? ಅಮೆರಿಕದವರು ಕೇಸ್ ಹಾಕ್ತಾರೆ ಅಂತ ಭಯಕ್ಕೆ ಅರ್ಧ ನಂಬರ್ ಬರೆದಿರ್ತಾರೆ ಅಷ್ಟೇ.

ಹತ್ತು ಚಕ್ರ, ಸಂಡೂರು

ಏನಾಗಿದೆ ಅಂತ ಟೈರ್ ಅಂಗಡಿಯವನನ್ನ ಕೇಳಪ್ಪ. ಕಂಪ್ಲಿ ರೋಡಿನಾಗೆ 40ರಾಗೆ ಬರೋದು ಬೇರೆ, ಇವರು 60 ಮೈಲಿ ಅಂದ್ರೆ 96 ಕಿಲೋಮೀಟರ್ ಸ್ಪೀಡಿನಾಗೆ ಅಪ್ಪ ಅವ್ವನ್ನ ಕೂರಿಸ್ಕೊಂಡು ಹೋಗೋದು ಬೇರೆ. ಬಾಳೆಕಾಯಿ ಉರುಳಿದ್ರೆ ಬಾಳೆಕಾಯಿ.

ಎಡದಂಡೆ ಹುಡುಗ, ಗಂಗಾವತಿ

ತಮ್ಮ ಸ್ಟಿಕ್ಕರ್ ಫೋಟೊ ಕಳಿಸ್ಯಾನ್ರಿ. 1,480 ಪೌಂಡ್ ಅಂತ ಐತಿ. ಅಂದ್ರ 671 ಕೆಜಿ. ಇಷ್ಟು ದೊಡ್ಡ ಗಾಡಿಗೆ ಇಷ್ಟೇನಾ? ನಮ್ಮ ಊರಾಗ ಗೂಡ್ಸ್ ಆಟೊದವ ಇದ್ರಷ್ಟು ಹೇರ್ತಾನ. ನನಗ ಜೀವ ಝಲ್ ಅಂತು, ತಮ್ಮ ಮಾತ್ರ ಇನ್ನೂ 11,000 ಅಂತನೇ ಜಪ ಮಾಡಾಕತ್ಯಾನ. ಟ್ರೇಲರ್ ಸ್ಟಿಕ್ಕರ್‌ದಾಗ ಜಿವಿಡಬ್ಲ್ಯೂಆರ್ (ಸಾಮಾನು ತುಂಬಿದ ಮ್ಯಾಲೆ ದಾಟಬಾರದ ಒಟ್ಟು ತೂಕ) 7,600 ಅಂತ ಐತಿ, ಖಾಲಿ 6,100. ಯಾವುದು ಹಿಡೀಬೇಕು?

ಕುಷ್ಟಗಿ ಟು ಹ್ಯೂಸ್ಟನ್

7,600 ಹಿಡೀರಿ, ಕಣ್ಣು ಮುಚ್ಚಿ. ಖಾಲಿ ತೂಕ ಅನ್ನೋದು ಫ್ಯಾಕ್ಟರಿ ಬಾಗ್ಲಾಗ ಮಾತ್ರ ಇರೋ ತೂಕ. ಆಮ್ಯಾಲೆ ಬ್ಯಾಟ್ರಿ ಬರ್ತೈತಿ, ಎರಡು ಗ್ಯಾಸ್ ಸಿಲಿಂಡರ್ ಬರ್ತಾವು, 40 ಗ್ಯಾಲನ್ ನೀರು ತುಂಬಿದ್ರ ಅದೇ 334 ಪೌಂಡ್, ಅಂದ್ರ 151 ಕೆಜಿ. ಹಾಸ್ಗಿ ಪಾತ್ರಿ ಪಡಗ ಅಕ್ಕಿ ಬ್ಯಾಳಿ, ನಮ್ಮ ಹೆಣ್ಮಕ್ಳು ಒಂದು ವಾರಕ್ಕ ಕಟ್ಟೋ ಡಬ್ಬಿ ನಿಮಗ ಗೊತ್ತೇ ಐತಿ. 1,200 ಪೌಂಡ್ ಸಾಮಾನು ಯಾವಾಗ ಸೇರ್ಕೊಂತು ಅಂತ ಗೊತ್ತಾಗಂಗಿಲ್ಲ.

ಈಗ ಮಂದಿ ತೂಕ ಹೇಳ್ರಿ. ನಾಚ್ಕೋಬ್ಯಾಡ್ರಿ.

ಎಡದಂಡೆ ಹುಡುಗ, ಗಂಗಾವತಿ

ತಮ್ಮ 180, ಅವನ ಹೆಂಡ್ತಿ 140 ಅಂತ ಬರಿ ಅಂದಾಳ ನಾ ಏನೂ ಮಾತಾಡಂಗಿಲ್ಲ, ಮಗಳು 45, ಅಪ್ಪ 165, ಅವ್ವ 150, ನಾನು 190. ಎಲ್ಲಾ ಪೌಂಡಿನಾಗ. ಮುಂದ ಮೂರು ಸೀಟು ಐತಂತ, ಆರೂ ಮಂದಿ ಒಂದೇ ಗಾಡ್ಯಾಗ ಕುಂದ್ರೋ ಪ್ಲಾನ್.

ಕುಷ್ಟಗಿ ಟು ಹ್ಯೂಸ್ಟನ್

ಕೂಡಿಸ್ರಿ. ಮಂದಿ 870. ಮೂಕಿ ಭಾರ 7,600ಕ್ಕ ನೂರಕ್ಕ 13 ಅಂದ್ರ 988. ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ ಅಂತ ಟ್ರೇಲರ್ ಹಚ್ಚೋ ಕಬ್ಬಿಣದ ಸಾಮಾನು ಬರ್ತೈತಿ ಅದು 90. ಹಿಂದ ತೊಟ್ಟಿಯಾಗ ಕುರ್ಚಿ, ಕೂಲರ್, ಸಣ್ಣ ಜನರೇಟರ್ ಅಂತ 150. ಒಟ್ಟು 2,098. ಇರೋ ಮಿತಿ 1,480. ಅಂದ್ರ 618 ಪೌಂಡ್, 280 ಕೆಜಿ ಜಾಸ್ತಿ. ಅದೇ ವೇಳ್ಯಾಕ್ಕ ಜಗ್ಗೋ ಲೆಕ್ಕದಾಗ ಇನ್ನೂ 3,400 ಪೌಂಡ್ ಬಾಕಿ ಐತಿ ನೋಡ್ರಿ! ಇದೇ ಆಟ. ಜಗ್ಗಾಕ ತಾಕತ್ತು ಐತಿ, ಹೊರಾಕ ಬೆನ್ನಿಲ್ಲ. ಎಫ್-150ದಂಥ, ಅರ್ಧ ಟನ್ ಅಂತ ಕರಿಯೋ ಬಾಳಷ್ಟು ಪಿಕಪ್‌ದಾಗ ಹಿಂಗ, ಜಗ್ಗೋ ನಂಬರ್ ಮುಗಿಯೋಕಿಂತ ಬಾಳ ಮೊದ್ಲೇ ಹೊರೋ ನಂಬರ್ ಮುಗೀತೈತಿ.

ಸಿಂಧನೂರು ಸ್ಪ್ಯಾನರ್

ಹೊರೋದು ಜಗ್ಗೋದು ಅಂದಾಗ ನೆನಪಾತು. ಹಿಂದಿನ ಸುಗ್ಗ್ಯಾಗ ನಮ್ಮ ಗ್ಯಾರೇಜಿಗೆ ಒಂದು ಟ್ರ್ಯಾಕ್ಟರ್ ಬಂತು, ಎರಡು ಚಕ್ರದ ಟ್ರಾಲಿ, ಹುಡುಗ್ರು ನೆಲ್ಲಿನ ಚೀಲ ಎಲ್ಲಾ ಮುಂದಕ್ಕ ಒತ್ತಿ ಹೇರ್ಯಾರ, ಹಿಂದ ಇನ್ನಷ್ಟು ಮಂದಿ ಹತ್ಲಿ ಅಂತ ಜಾಗ ಬಿಟ್ಟು. ಕಾಲುವೆ ಏರಿ ಹತ್ತುವಾಗ ಟ್ರ್ಯಾಕ್ಟರ್ ಮೂತಿ ಎತ್ತೇ ಬಿಡ್ತು. ಡ್ರೈವರ್ ಸ್ಟೇರಿಂಗ್ ತಿರುವ್ಯಾನ, ಮುಂದಿನ ಚಕ್ರ ಗಾಳ್ಯಾಗ ತಿರುಗ್ಯಾವ, ಟ್ರ್ಯಾಕ್ಟರ್ ಮಾತ್ರ ನೆಟ್ಟಗ ಕಾಲುವೆ ಕಡೆ. ಬೇವಿನ ಗಿಡಕ್ಕ ತಾಗಿ ನಿಂತದ್ದು ಅವನ ಪುಣ್ಯ. ಇಂಜಿನ್‌ಗೆ ಏನೂ ಆಗಿರಲಿಲ್ಲ, ಪಾಪ ಅದು ಇನ್ನೂ ಜಗ್ಗಾಕ ತಯಾರಿತ್ತು.

ನನ್ನ ಪ್ರಶ್ನೆ, ಆ ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ ಅಂದ್ರಲ್ಲ, ಅದು ಹಾಕಿದ್ರ ಭಾರ ಮುಂದಿನ ಚಕ್ರಕ್ಕ ಹೋಗ್ತದಲ್ಲ, ಆಗ ಮಿತಿ ಜಾಸ್ತಿ ಆಗೋದಿಲ್ಲೇನು?

ಕುಷ್ಟಗಿ ಟು ಹ್ಯೂಸ್ಟನ್

ಒಳ್ಳೆ ಪ್ರಶ್ನೆ, ಇಲ್ಲಿಯವರೂ ಇದ್ರಾಗೇ ಎಡವೋದು. ಅದು ಸ್ಪ್ರಿಂಗ್ ಸಲಾಕಿ ಇದ್ದಂಗ, ಹಿಂದಿನ ಆಕ್ಸಲ್ ಮ್ಯಾಲೆ ಕುಂತ ಭಾರದಾಗ ಸ್ವಲ್ಪ ಮುಂದಿನ ಆಕ್ಸಲ್‌ಗೂ ಸ್ವಲ್ಪ ಟ್ರೇಲರ್ ಆಕ್ಸಲ್‌ಗೂ ಹಂಚ್ತೈತಿ. ನಿಮ್ಮ ಟ್ರ್ಯಾಕ್ಟರ್ ಮೂತಿ ಎತ್ತಿದ್ದು ಇದು ಇದ್ರ ಎತ್ತಂಗಿಲ್ಲ. ಸ್ಟೇರಿಂಗ್ ಹಿಡಿತ ವಾಪಸ್ ಬರ್ತೈತಿ. ಆದ್ರ ಸ್ಟಿಕ್ಕರ್ ಮ್ಯಾಲಿನ 1,480 ಒಂದು ಪೌಂಡೂ ಏರಂಗಿಲ್ಲ. ಏರ್ ಬ್ಯಾಗ್ ಸ್ಪ್ರಿಂಗ್ ಹಾಕ್ಸಿದ್ರೂ ಅಷ್ಟೇ, ಗಾಡಿ ಹಿಂದ ಕುಸಿಯೋದು ನಿಲ್ತೈತಿ, ಆಕ್ಸಲ್ಲು ಬ್ರೇಕು ಅವೇ ಹಳೇವು.

ಕೋಟೆ ಕೆಳಗಿನವ, ಬಳ್ಳಾರಿ

ಈ ಚರ್ಚೆಯಾಗೆ ನನ್ನದೂ ಒಂದು. ನನ್ನತ್ರ ಇಸುಜು ವಿ-ಕ್ರಾಸ್ ಪಿಕಪ್ ಐತೆ, 1.9 ಲೀಟರ್ ಡೀಸೆಲ್, 163 ಪಿಎಸ್. ಟ್ರಾಲಿ ಮಾಡೋ ಶೆಡ್ಡಿನಾಗೆ ಒಂದು ಸಣ್ಣ ಕ್ಯಾರವಾನ್ ಮಾಡಿಸ್ಕೊಂಡು ಹಂಪಿ, ಗೋವಾ ಅಂತ ಓಡಾಡೋಣ ಅಂತ ಆಸೆ. ಮಾಡಿಸಬೋದಾ?

ಸಿಂಧನೂರು ಸ್ಪ್ಯಾನರ್

ಮಾಡಿಸಬೋದು ಅಣ್ಣ, ಕೆಎ-34 ಪಾಸಿಂಗ್ ಎಲ್ಲಿ ಮಾಡಿಸ್ತಿ? ಟ್ರೇಲರ್‌ಗೂ ಬೇರೆ ರಿಜಿಸ್ಟ್ರೇಷನ್ ಬೇಕು ಕಾನೂನಿನಾಗ, ಶೆಡ್ಡಿನಾಗ ವೆಲ್ಡ್ ಮಾಡಿದ್ದಕ್ಕ ಅಪ್ರೂವಲ್ ಕಾಗ್ದಾ ಎಲ್ಲಿಂದ ತರ್ತಿ. ಮತ್ತ ನಮ್ಮ ಟ್ರಾಲಿ ಶೆಡ್ಡಿನವರು ಬ್ರೇಕ್ ಅನ್ನೋದೇ ಹಾಕೋದಿಲ್ಲ, ಟ್ರ್ಯಾಕ್ಟರ್ 20ರಾಗ ಹೋಗ್ತದ ನಡೀತದ, ನೀ 80ರಾಗ ಹೋಗಾವ. ಮೊದ್ಲು ಆರ್‌ಟಿಒ ಆಫೀಸಿಗಿ ಹೋಗಿ ಕೇಳ್ಕೊಂಡು ಬಾ, ಆಮ್ಯಾಲೆ ಕಬ್ಬಿಣ ಕೊಳ್ಳು.

ಎಡದಂಡೆ ಹುಡುಗ, ಗಂಗಾವತಿ

ತಮ್ಮಗ ಲೆಕ್ಕ ಕಳಿಸಿದೆ. ಒಂದು ತಾಸು ಮಾತಾಡ್ಲಿಲ್ಲ ಮಹರಾಯ. ಆಮ್ಯಾಲೆ ಫೋನ್ ಮಾಡಿ ಎರಡು ಕೇಳ್ಯಾನ. ಒಂದು, ಅಪ್ಪ ಅವ್ವನ್ನ ಟ್ರೇಲರ್ ಒಳಗ ಹಾಸ್ಗಿ ಮ್ಯಾಲೆ ಮಲಗಿಸ್ಕೊಂಡು ಹೋದ್ರ ಪಿಕಪ್ ಭಾರ ಕಡಿಮಿ ಆಗ್ತೈತಲ್ಲ ಅಂತ. ಎರಡು, ಕೊಲೊರಾಡೊ ಘಾಟ್ ಹೆಂಗ.

ಕುಷ್ಟಗಿ ಟು ಹ್ಯೂಸ್ಟನ್

ಮೊದಲನೇದು ಬಿಟ್ಟು ಬಿಡ್ರಿ. ಇದು ಜಾತ್ರಿಗೆ ಟ್ರಾಲಿಯಾಗ ಹೋದಂಗ ಅಲ್ಲ. ಎಷ್ಟೋ ರಾಜ್ಯದಾಗ ಓಡೋ ಟ್ರೇಲರ್ ಒಳಗ ಮಂದಿ ಇರಬಾರ್ದು ಅಂತ ಕಾನೂನು ಐತಿ, ಕಾನೂನು ಇಲ್ಲದ ಕಡೇನೂ ಅದ್ರಾಗ ಬೆಲ್ಟಿಲ್ಲ, ಗ್ವಾಡಿ ಅನ್ನೋದು ಪ್ಲೈವುಡ್ ಹಾಳಿ.

ಘಾಟ್ ವಿಷಯ, ಐ-70 ರೋಡಿನಾಗ ಐಸೆನ್‌ಹೋವರ್ ಟನೆಲ್ 11,158 ಅಡಿ ಎತ್ತರದಾಗ ಐತಿ, ಅಂದ್ರ 3,400 ಮೀಟರ್. ಗಾಳಿ ತೆಳ್ಳಗ. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ನೂರಕ್ಕ 3ರಷ್ಟು ತಾಕತ್ತು ಕಳಕೊಳ್ತೈತಿ ಅಂತ ಲೆಕ್ಕ, ನಿಮ್ಮದು ಟರ್ಬೊ, ಅಷ್ಟು ತ್ರಾಸ ಇಲ್ಲ. ಏರೋದರ ಚಿಂತಿ ಬ್ಯಾಡ. ಇಳಿಯೋದರ ಚಿಂತಿ ಮಾಡ್ರಿ.

ಹತ್ತು ಚಕ್ರ, ಸಂಡೂರು

ಇಳಿಯೋದು ನಾನು ಹೇಳ್ತೀನಿ. ನಮ್ಮ ಉಸ್ತಾದ್ ನನಗೆ ಕ್ಲೀನರ್ ಇದ್ದಾಗ ಹೇಳಿದ್ದು, ಯಾವ ಗೇರಿನಾಗೆ ಏರ್ತೀಯೋ ಅದೇ ಗೇರಿನಾಗೆ ಇಳಿ, ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇರಬ್ಯಾಡ, ಒತ್ತು, ಸ್ಪೀಡ್ ಇಳಿಸು, ಬಿಡು, ಆರೋಕೆ ಬಿಡು. ಸುಟ್ಟ ಲೈನರ್ ವಾಸನೆ ಒಂದು ಸಲ ಮೂಗಿಗೆ ಬಡಿದ್ರೆ ಜೀವಮಾನ ಮರೆಯಲ್ಲ. ಆಟೊಮ್ಯಾಟಿಕ್ ಗಾಡಿಗೆ ಏನು ಮಾಡ್ತಾರೋ ಗೊತ್ತಿಲ್ಲ.

ಕುಷ್ಟಗಿ ಟು ಹ್ಯೂಸ್ಟನ್

ಅದೇ ಅಣ್ಣ, ಟೋ-ಹಾಲ್ ಅಂತ ಬಟನ್ ಇರ್ತೈತಿ, ಒತ್ತಿದ್ರ ತಾನೇ ಕೆಳಗಿನ ಗೇರ್ ಹಿಡ್ಕೊಂತೈತಿ. ಉಳಿದಿದ್ದು ನಿಮ್ಮ ಉಸ್ತಾದರು ಹೇಳಿದ್ದೇ.

ಗಂಗಾವತಿ ಅಣ್ಣಾರ, ಮತ್ತ ನಿಮ್ಮ ತಮ್ಮಗ ಹೇಳ್ರಿ, ಮನ್ಯಾಗ ಇನ್ನೊಂದು ಕಾರ್ ಇದ್ರ ಮಂದಿ ಹಂಚ್ರಿ. ದೊಡ್ಡ ಪಿಕಪ್ ತಗೋ ಅನ್ನೋದು ಸುಲಭ, ರೊಕ್ಕ ಯಾರದು.

ಎಡದಂಡೆ ಹುಡುಗ, ಗಂಗಾವತಿ

ಮೂರು ವಾರ ಆತು, ಅಪ್ಡೇಟ್ ಕೊಡ್ತೀನಿ ಅಂದಿದ್ದೆ.

ಆ ಟ್ರೇಲರ್ ಬಿಟ್ಟ. ಡೀಲರ್ ಮುನಿಸ್ಕೊಂಡನಂತ, ಇರ್ಲಿ. ಬೇರೆ ಕಡೆ ಸೆಕೆಂಡ್ ಹ್ಯಾಂಡ್ ಸಣ್ಣದು ತಗೊಂಡ, ಖಾಲಿ 4,600, ಜಿವಿಡಬ್ಲ್ಯೂಆರ್ 6,000. ಅವನ ಹೆಂಡ್ತಿ ತನ್ನ ಕಾರಿನಾಗ ಅಪ್ಪ ಅವ್ವ ಮಗಳನ್ನ ಕರ್ಕೊಂಡು ಹಿಂದ ಬರ್ತಾಳ, ಪಿಕಪ್‌ದಾಗ ನಾನು ತಮ್ಮ ಇಬ್ರೇ. ಲೆಕ್ಕ ಹಾಕಿದ್ರ ಇಬ್ರು 370, ಮೂಕಿ 780, ಹಿಚ್ 90, ಸಾಮಾನು 100, ಒಟ್ಟು 1,340. 140 ಪೌಂಡ್ ಉಳೀತು.

ಲೆಕ್ಕ ಬ್ಯಾಡ ತೂಕ ಹಾಕಿಸು ಅಂದೆ. ಅಲ್ಲಿ ಲಾರಿ ನಿಲ್ಲೋ ಕಡೆ ಕ್ಯಾಟ್ ಸ್ಕೇಲ್ ಅಂತ ಕಾಂಟಾ ಇರ್ತೈತಂತ, ಒಂದೊಂದು ಆಕ್ಸಲ್‌ಗೆ ಬೇರೆ ಬೇರೆ ತೂಕ ಚೀಟಿ ಕೊಡ್ತಾರ. ನಮ್ಮ ಕಾರಟಗಿ ಮಿಲ್ಲಿನ ಕಾಂಟಾದಾಗ ತುಂಬಿದ್ದು ಒಮ್ಮೆ ಖಾಲಿ ಒಮ್ಮೆ ಹಾಕ್ತಾರಲ್ಲ, ಅದೇ ಧಾಟಿ. ಟ್ರೇಲರ್‌ಗೆ ನೀರು ಗ್ಯಾಸ್ ಪಾತ್ರಿ ಎಲ್ಲಾ ತುಂಬಿ, ಮೊದ್ಲು ಟ್ರೇಲರ್ ಹಚ್ಚಿ ತೂಗ್ಯಾನ, ಆಮ್ಯಾಲೆ ಬಾಜೂ ಬಿಚ್ಚಿ ಬರೇ ಪಿಕಪ್ ತೂಗ್ಯಾನ. ಹಚ್ಚಿದಾಗ ಪಿಕಪ್ಪಿನ ಎರಡೂ ಆಕ್ಸಲ್ ಕೂಡಿ 6,610, ಬಿಚ್ಚಿದಾಗ 5,870. ಫರಕ್ 740. ಟ್ರೇಲರ್ ಆಕ್ಸಲ್ ಮ್ಯಾಲೆ 5,010 ಇತ್ತು, ಅಂದ್ರ ಟ್ರೇಲರ್ ಒಟ್ಟು 5,750, ಮೂಕಿ ಭಾರ ನೂರಕ್ಕ 13ರ ಹತ್ರ. ಪಿಕಪ್ ಒಟ್ಟು ಮಿತಿ 7,050, ನಾನು ಹತ್ತಿದ್ರೂ 250 ಉಳೀತೈತಿ.

ಕಾಕಾ ನಿಮ್ಮ ಮೂಕಿ ಎತ್ತೋ ಪದ್ಧತಿ ತಮ್ಮಗ ಹೇಳಿದೆ, 740 ಅಂದ್ರ 336 ಕೆಜಿ, ಎತ್ತಿ ನೋಡ್ತೀನಿ ಅಂದ, ಬ್ಯಾಡ ಅಂದೀನಿ.

ನೊಗದ ಕಾಕಾ, ರಾಯಚೂರು

ಬ್ಯಾಡ ಅಂದಿದ್ದು ಚಲೋ ಆತು. ಸೊಂಟ ಹೋದ್ರ ಬೆಟ್ಟ ಯಾರು ತೋರಸ್ತಾರ.

ಏನಾಗಲ್ಲ ಬಿಡಿ, ಹೊಸಪೇಟೆ

ಮೈಲೇಜ್ ಎಷ್ಟು ಕೊಡುತ್ತೆ ಅದು ಹೇಳಿ.

ಎಡದಂಡೆ ಹುಡುಗ, ಗಂಗಾವತಿ

ಕೇಳಬ್ಯಾಡ್ರಿ, ಟ್ರೇಲರ್ ಹಚ್ಚಿದ್ರ ಗ್ಯಾಲನ್‌ಗೆ 9 ಮೈಲಿ ಅಂತ, ಲೀಟರಿಗೆ 4 ಕಿಲೋಮೀಟರೂ ಇಲ್ಲ. ಎದುರಿಗೆ ಗಾಳಿ ಹೊಡದ್ರ ಇನ್ನೂ ಕಡಿಮಿ.

ಒಂದು ಕೊನೇ ಡೌಟ್ ಉಳಿದೈತಿ. ಅವ್ವ 200 ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಾಕ ಶುರು ಮಾಡ್ಯಾಳ. ಟ್ರೇಲರ್‌ದಾಗ ಎಲ್ಲಿ ಇಡಬೇಕು?

ಕುಷ್ಟಗಿ ಟು ಹ್ಯೂಸ್ಟನ್

ಆಕ್ಸಲ್‌ಗಿಂತ ಸ್ವಲ್ಪ ಮುಂದ, ಕೆಳಗಿನ ಕಪಾಟಿನಾಗ. ಹ್ಯೂಸ್ಟನ್ ಕಡೆ ಬಂದ್ರ ಅಲ್ಲಿಂದ 20 ಇಳಿಸಿ ಹೋಗ್ರಿ, ಭಾರ ಕಡಿಮಿ ಆಗ್ತೈತಿ.